ಮೂರು ಸಾವಿರ ಅಡಿಯಲ್ಲ

ಭೋಸರಿ, ಪುಣೆ
8 ಫೆಬ್ರುವರಿ 2026, ಭಾನುವಾರ

ಪ್ರೀತಿಯ ಮಂಜಕ್ಕನಿಗೆ,

ಭೋಸರಿಯಿಂದ ಶೀತಲ್ ಮಾಡುವ ನಮಸ್ಕಾರ. ನಿನ್ನ ಅತ್ತೆ ಮಾವನವರಿಗೂ ಅಮರ ಭಾವನವರಿಗೂ ತಿಳಿಸು. "ಇಲ್ಲೆ ನಾವೆಲ್ಲಾ ಕ್ಷೇಮ ಅಂತ ಮೊದಲ ಬರಿಯವಾ" ಎಂದು ಆಯಿ ಮಗ್ಗುಲಲ್ಲೇ ಕೂತು ಹೇಳುತ್ತಿದ್ದಾಳೆ. ಹಾಗೆ ಬರೆಯಲು ಕೈ ಬರಲಿಲ್ಲ. ಆಯಿಗೆ ಮೊಣಕಾಲು ನೋವು, ಅಪ್ಪನಿಗೆ ನನ್ನ ಮೇಲೆ ಸಿಟ್ಟು, ನನಗೆ ಕಂಡವರೆಲ್ಲರ ಮೇಲೆ ಸಿಟ್ಟು. ನೀನಾದರೂ ಭೋರ್‌ನ ತಂಪಿನಲ್ಲಿ ಚೆನ್ನಾಗಿರು.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ಮೂರು ವಾರದಲ್ಲಿ ಹನ್ನೊಂದು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಮೆಸೇಜ್ ಕಳಿಸಿದರೆ ಎರಡು ನೀಲಿ ಗೆರೆ ಬೀಳುತ್ತವೆ, ಅಷ್ಟೇ. ಕಾಗದವಾದರೆ ಕೈಗೆ ಬಂದ ಮೇಲೆ ಒಡೆಯಲೇಬೇಕು. ನಿಮ್ಮ ಮನೆಯಲ್ಲಿ ಬೇರೆ ಯಾರಾದರೂ ಮೊದಲು ಒಡೆದರೆ ಅವರೂ ಓದಲಿ. ಅವರಿಗೂ ತಿಳಿಯಲಿ ಎಂದೇ ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲ ಸುದ್ದಿ, ನನ್ನನ್ನು ಕೆಲಸದಿಂದ ತೆಗೆದರು. ಈಗ ಅದೇ ಕಟ್ಟಡದ ಕೆಳಗಿನ, ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ವಾಶರ್‌ಗಳ ಅಂಚು ಉಜ್ಜುತ್ತೇನೆ. ಮೂರು ವರ್ಷ ಮೇಲೆ ಕೂತು "ಈ ಧಡ್ ಧಡ್ ಯಾವಾಗ ನಿಲ್ಲತದೋ" ಎಂದು ಬೈದುಕೊಳ್ಳುತ್ತಿದ್ದೆವಲ್ಲ, ಆ ಧಡ್ ಧಡ್‌ನ ಮಗ್ಗುಲಲ್ಲೇ ಕೂತಿದ್ದೇನೆ. ಊಟಕ್ಕೆ ಬಿಟ್ಟಾಗ ಮೇಲಿನವರು ಮೆಟ್ಟಿಲಿಳಿದು ಬರುತ್ತಾರೆ. ನನ್ನನ್ನು ಕಂಡರೆ ಚಪ್ಪಲಿ ನೋಡಿಕೊಂಡು ದಾಟಿ ಹೋಗುತ್ತಾರೆ. ಪೂರ್ವಾ ಒಬ್ಬಳೇ ನಿಂತು, "ಊಟ ಆತೇನ ಶೀತಲ್?" ಎಂದಳು. ಅಷ್ಟಕ್ಕೇ ಅವಳನ್ನು ನಮ್ಮ ಮ್ಯಾನೇಜರ್ ಮಧುಕರ್ ಸರ್ ಕರೆದು ವಿಚಾರಿಸಿದರಂತೆ.

ಅಮರ ಭಾವ, ನಿಮಗಾಗಿ ಬರೆಯುತ್ತೇನೆ. ನಮ್ಮ ಕೆಲಸ ಇಷ್ಟೇ. ಯಾವ ದೇಶದ ಆಕಾಶದಲ್ಲಿ ಯಾವ ದಾರಿ ತೆರೆದಿದೆ, ಎಲ್ಲಿ ಗುಂಡು ಹಾರುತ್ತದೆ, ಎಷ್ಟು ಎತ್ತರದವರೆಗೆ ಹೋಗಬಾರದು ಎಂಬ ಪ್ರಕಟಣೆಗಳನ್ನು ಆಯಾ ದೇಶದ ಕಚೇರಿಗಳು ಹೊರಡಿಸುತ್ತವೆ. ಅವನ್ನು ನಾವು ಗಣಕಕ್ಕೆ ಏರಿಸುತ್ತೇವೆ. ಇಪ್ಪತ್ತೆಂಟು ದಿನಕ್ಕೊಮ್ಮೆ ಎಲ್ಲವೂ ಒಂದೇ ಕಟ್ಟಾಗಿ ವಿದೇಶದ ದೊಡ್ಡ ಕಂಪನಿಗೆ ಹೋಗಿ, ಅಲ್ಲಿಂದ ವಿಮಾನಗಳ ಒಳಗಿನ ನಕ್ಷೆಗೆ ಸೇರುತ್ತದೆ. ಪೈಲಟ್ ಕಿಟಕಿಯಿಂದ ನೋಡಿದರೆ ಬರೀ ಮೋಡ. ಎಲ್ಲಿ ಯುದ್ಧವಿದೆ ಎಂದು ಅವನಿಗೆ ಹೇಳುವುದು ಭೋಸರಿಯ ಮೂರನೇ ಮಹಡಿಯಲ್ಲಿ ನಾವು ಒತ್ತಿದ ಅಂಕಿ.

ತಪ್ಪಾಗಬಾರದೆಂದು ಒಂದೊಂದು ಪ್ರಕಟಣೆಯನ್ನೂ ಇಬ್ಬರು ಏರಿಸಬೇಕು. ನಾನು ಮೊದಲ ಕೈ, ಮಂಜಕ್ಕ ಎರಡನೇ ಕೈ. ನಡುವೆ ಹಲಗೆಯ ಗೋಡೆ. ಒಬ್ಬರದನ್ನೊಬ್ಬರು ನೋಡುವಂತಿಲ್ಲ, ಕೇಳುವಂತಿಲ್ಲ, ಫೋನ್‌ಗಳು ಬಾಗಿಲ ಬಳಿಯ ಕಪಾಟಿನಲ್ಲಿ. ಎರಡೂ ಕೈ ಹೊಂದಿದರೆ ಯಂತ್ರ ಮುಂದೆ ಬಿಡುತ್ತದೆ. ಹೊಂದದಿದ್ದರೆ ಮೂರನೆಯವರು ಮೂಲ ಪ್ರತಿ ತೆಗೆದು ನೋಡುತ್ತಾರೆ. ಮೂಲದಲ್ಲೇ ಏನಾದರೂ ಅಸ್ಪಷ್ಟವಾಗಿದ್ದರೆ ಗುಲಾಬಿ ಚೀಟಿ ಬರೆದು ಆ ದೇಶದ ಕಚೇರಿಯನ್ನೇ ಕೇಳಬೇಕು.

ಕೇಳಬೇಕು ಎಂಬುದು ನಿಯಮ. ಆದರೆ ಗೋಡೆಯ ಮೇಲಿನ ಹಲಗೆಯಲ್ಲಿ ನಮ್ಮ ಹೆಸರು, ಹೆಸರಿನ ಮುಂದೆ ಎಷ್ಟು ಗುಲಾಬಿ ಚೀಟಿ ಎಂಬ ಲೆಕ್ಕ. ಹೆಚ್ಚು ಕೇಳಿದವರು ಎಲ್ಲರೆದುರು ನಿಂತು ಕಾರಣ ಹೇಳಬೇಕು. ಒಂದೂ ಕೇಳದ ಜೋಡಿಗೆ ತಿಂಗಳ ಕೊನೆಗೆ ಚಪ್ಪಾಳೆ, ಗೋಡೆ ಗಡಿಯಾರ. ನಮ್ಮಿಬ್ಬರ ಮನೆಯಲ್ಲೂ ಎರಡೆರಡು ಗಡಿಯಾರಗಳಿವೆ. ಅಪ್ಪ ಒಂದನ್ನು ಸಂಡಾಸಿನ ಗೋಡೆಗೆ ಹಾಕಿದ್ದಾನೆ.

ನಾನು ಒಂಬತ್ತನೇ ತರಗತಿ ಯಾಕೆ ಬಿಟ್ಟೆ ಎಂದು ನಿನಗೆ ಗೊತ್ತು. ತಪಾಸಣೆಗೆ ಬಂದವರು "ಪ್ರಯೋಗ ಮಾಡಿಸ್ತಾರಾ?" ಎಂದು ಕೇಳಿದರು. ಎಲ್ಲರೂ ಹೌದು ಅಂದರು. ನಾನು ಎದ್ದು ನಿಂತು, ಪ್ರಯೋಗಾಲಯದ ಬೀಗದ ಕೈ ಕಳೆದು ಎರಡು ವರ್ಷವಾಯಿತು ಅಂದೆ. ಹೆಡ್‌ಮಾಸ್ತರರು ಆಮೇಲೆ ಕೆನ್ನೆಗೆ ಹೊಡೆದರು. ನಾನು ಪಾಟೀಚೀಲ ಎತ್ತಿಕೊಂಡು ಬಂದವಳು ತಿರುಗಿ ಹೋಗಲಿಲ್ಲ. ಅಪ್ಪ ತಲೆ ಹಿಡಿದುಕೊಂಡು, "ಖರೇ ಹೇಳಾಕ ಸಾಲೀನ ಬಿಡಬೇಕೇನವಾ?" ಅಂದಿದ್ದ. ಹಾಗೆ ಬಂದವಳು ಇಲ್ಲಿ ಪ್ರಶ್ನೆ ಕೇಳದಿದ್ದಕ್ಕೆ ಗಡಿಯಾರ ತೆಗೆದುಕೊಂಡೆ. ಅದನ್ನು ನೆನೆದರೆ ಮೈ ಉರಿಯುತ್ತದೆ.

ಇನ್ನು ಕಾಕಾನ ಮಾತು. ದೇಶದ ಹೆಸರು ಬರೆಯುವುದಿಲ್ಲ. ಹೊರಗೆ ಹೇಳುವುದಿಲ್ಲ ಎಂದು ಸೇರುವಾಗ ಸಹಿ ಹಾಕಿದ್ದೇವೆ. ಅದನ್ನು ಕೇಳಬೇಕಾದ ತನಿಖಾ ಮಂಡಳಿಗೆ ಮಾತ್ರ ಹೇಳಿದ್ದೇನೆ, ಅದರ ಮಾತು ಮುಂದೆ ಬರುತ್ತದೆ. ಯುದ್ಧ ಶುರುವಾದ ಮೇಲೆ ಆ ದೇಶದ ಅಂತರಜಾಲ ಕಡಿದು ಹೋಗಿ, ಪ್ರಕಟಣೆಗಳು ಫ್ಯಾಕ್ಸಿನಲ್ಲಿ ನಮ್ಮ ಕಂಪನಿಗೆ ಮಾತ್ರ ಬರತೊಡಗಿದವು. ಉಳಿದವರೆಲ್ಲ ನಮ್ಮಿಂದಲೇ ತೆಗೆದುಕೊಳ್ಳುತ್ತಿದ್ದರು. ಪ್ರತಿ ಹಾಳೆಯ ಕೆಳಗೆ ಟೈಪು ಮಾಡಿದವನ ಹೆಸರಿನ ಎರಡೇ ಅಕ್ಷರ. ಅವನಿಗೆ ಕಾಕಾ ಎಂದು ನಾವೇ ಹೆಸರಿಟ್ಟಿದ್ದೆವು. ಮುಖ ಕಂಡಿಲ್ಲ, ದನಿ ಕೇಳಿಲ್ಲ, ಆದರೂ ಅವನು ಎಷ್ಟು ನೇರ ಮನುಷ್ಯ ಎಂದು ನಮಗೆ ಗೊತ್ತಿತ್ತು. ಒಂದು ಅಂಕಿ ತಪ್ಪಿದರೂ ಮೇಲೆ ಬಿಳಿ ಬಣ್ಣ ಬಳಿಯುತ್ತಿರಲಿಲ್ಲ. ಇಡೀ ಹಾಳೆಯನ್ನು ಮತ್ತೆ ಟೈಪು ಮಾಡಿ, "ಹಿಂದಿನದನ್ನು ಹರಿದು ಹಾಕಿ, ತಪ್ಪು ನನ್ನದು" ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸುತ್ತಿದ್ದ. "ಕಾಕಾನ ಕಾಗದ ಬಂತ್ ನೋಡ" ಎಂದು ನೀನು ಹಲಗೆಗೆ ಎರಡು ಸಲ ಬಡಿಯುತ್ತಿದ್ದೆ. ಎರಡು ದಿನ ಬರದಿದ್ದರೆ ಬಾಂಬು ಬಿತ್ತೇನೋ ಎಂದು ನಮಗೆ ಊಟ ಸೇರುತ್ತಿರಲಿಲ್ಲ.

ಹೋದ ಆಗಸ್ಟಿನಲ್ಲಿ ಅವನ ದೇಶದ ಸೈನ್ಯ ಒಂದು ಕಣಿವೆಯ ಮೇಲಿನ ಆಕಾಶವನ್ನು ಮುಚ್ಚಿತು. ಪ್ರಕಟಣೆ ಬಂತು. ನೆಲದಿಂದ 3000ದವರೆಗೆ ಯಾರೂ ಹಾರಕೂಡದು. ಅಡಿಯೋ ಮೀಟರೋ ಎಂದು ಇಂಗ್ಲಿಷಿನಲ್ಲಿ ಇರಲಿಲ್ಲ. ಆದರೆ ಹಾಳೆಯ ತಲೆಯಲ್ಲಿ, ಮೊಹರಿನ ಕೆಳಗೆ, ಅವರ ಭಾಷೆಯಲ್ಲಿ ಒಂದು ಸಾಲು ಇತ್ತು. ಅಡಿಗೆರೆ ಎಳೆದಿದ್ದ. ಕಾಕಾ ಸುಮ್ಮನೆ ಅಡಿಗೆರೆ ಎಳೆಯುವವನಲ್ಲ.

ನಾವು ಕೇಳಲಿಲ್ಲ. ಮರುದಿನ ಇಪ್ಪತ್ತೆಂಟು ದಿನದ ಗಡುವು. ಅವತ್ತು ಊಟಕ್ಕೆ ಕಟ್ಟಡದ ತುದಿಯ ಗಚ್ಚಿಯ ಮೇಲೆ, ನೀರಿನ ಟಾಕಿಯ ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಾಗ ನಾವು ಮಾತಾಡಿಕೊಂಡೆವು. ಮಾತಾಡಬಾರದಿತ್ತು. ಎತ್ತರದ ಅಳತೆಮಾನವನ್ನು ಖಾಲಿ ಬಿಟ್ಟರೆ ಗಣಕ ಮುಂದೆ ಹೋಗುವುದಿಲ್ಲ; ನಾನೊಂದು ಒತ್ತಿ ನೀನೊಂದು ಒತ್ತಿದರೆ ಜಗಳ ಮೂರನೆಯವರಿಗೆ ಹೋಗುತ್ತದೆ. ಅದಕ್ಕೆ ಇಬ್ಬರೂ ಅಡಿ ಎಂದೇ ಒತ್ತುವುದು ಎಂದು ಸೇರಿ ತೀರ್ಮಾನಿಸಿದೆವು. ಒತ್ತಿದೆವು. ಹೊಂದಿತು. ಇಬ್ಬರ ತಪ್ಪೂ ಒಂದೇ ಆದರೆ ಯಂತ್ರಕ್ಕೆ ಅದು ಸತ್ಯ. ಜಗತ್ತಿನ ಅಷ್ಟೂ ವಿಮಾನಗಳಿಗೆ 3000 ಅಡಿ ಎಂದು ಹೋಯಿತು.

ಅದು ಮೀಟರ್ ಆಗಿತ್ತು; ಆ ಸಾಲು ಹೇಳಿದ್ದೂ ಅದನ್ನೇ ಎಂದು ಆಮೇಲೆ ತಿಳಿಯಿತು. ಅಂದರೆ ಹತ್ತು ಸಾವಿರ ಅಡಿಗೆ ತುಸು ಕಡಿಮೆ.

ನವೆಂಬರಿನಲ್ಲಿ ನಿನ್ನ ಮದುವೆಯಾಯಿತು. ನೀನು ಕೆಲಸ ಬಿಟ್ಟು ಭೋರ್‌ಗೆ ಹೋದೆ. ಡಿಸೆಂಬರಿನಲ್ಲಿ ಗಡಿಯಾಚೆ ದೇಶದ ಚಿಕ್ಕ ವಿಮಾನವೊಂದು ಕಂಬಳಿ, ಮಕ್ಕಳ ಔಷಧಿ ತುಂಬಿಕೊಂಡು ಆ ಕಣಿವೆಯ ಮೇಲೆ ಎಂಟು ಸಾವಿರ ಅಡಿಯಲ್ಲಿ ಹೋಯಿತು. ನಕ್ಷೆಯ ಪ್ರಕಾರ ಅವರು ಮುಚ್ಚಿದ ಎತ್ತರಕ್ಕಿಂತ ಐದು ಸಾವಿರ ಅಡಿ ಮೇಲಿದ್ದರು. ಕಾಕಾನ ದೇಶದ ಸೈನ್ಯ ಹೊಡೆದು ಬೀಳಿಸಿತು. ಇಬ್ಬರು ಸತ್ತರು, ಮೂರನೆಯವನು ಇನ್ನೂ ಆಸ್ಪತ್ರೆಯಲ್ಲಿದ್ದಾನೆ.

ಆಮೇಲಿನದನ್ನು ನೀನೂ ಟೀವಿಯಲ್ಲಿ ನೋಡಿರುತ್ತೀ. ಆಚೆ ದೇಶದವರು ನಮ್ಮ ನಕ್ಷೆಯನ್ನು ಎತ್ತಿ ಹಿಡಿದು, "ಮೂರು ಸಾವಿರ ಅಡಿ ಎಂದು ಬರೆದು ಎಂಟು ಸಾವಿರದಲ್ಲಿ ಹೊಡೆದರು, ಇದು ಬಲೆ" ಎಂದರು. ರಾಯಭಾರಿಗಳನ್ನು ಓಡಿಸಿದರು. ಗಡಿಗೆ ಇನ್ನಷ್ಟು ತೋಪು ಬಂದವು. ನಮ್ಮ ಚೌಕದ ವಡಾಪಾವ್ ಗಾಡಿಯ ಹತ್ತಿರ ನಿಂತವರೂ "ಅಂಥಾ ಮಂದಿನ್ನ ಸುಟ್ಟು ಹಾಕಬೇಕ" ಅಂದರು. ನಾನು ಕೈಯಲ್ಲಿ ವಡಾ ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಆ ಮಂದಿ ಸುಳ್ಳು ಬರೆದಿರಲಿಲ್ಲ. ಸುಳ್ಳು ಇದೇ ರಸ್ತೆಯಲ್ಲಿ, ಮೂರನೇ ಮಹಡಿಯಲ್ಲಿ ಹುಟ್ಟಿತ್ತು.

ಡಿಸೆಂಬರ್ ಮುಗಿಯುವ ಹೊತ್ತಿಗೆ ಆ ದೇಶದ ಸೈನ್ಯ ಕಾಕಾನನ್ನು ಹಿಡಿಯಿತು. ಮೀಟರ್ ಎಂಬ ಸಾಲನ್ನು ಬೇಕೆಂದೇ ಬಿಟ್ಟು ಕಳಿಸಿದ ದೇಶದ್ರೋಹಿಯಂತೆ. ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಇಬ್ಬರು ಸೈನಿಕರ ನಡುವೆ ಸ್ವೆಟರ್ ಹಾಕಿಕೊಂಡ ಬಕ್ಕತಲೆಯ ಮುದುಕ. ಹೆಸರು ಓದಿದೆ. ಮೊದಲೆರಡು ಅಕ್ಷರ ನಮ್ಮ ಹಾಳೆಗಳ ಕೆಳಗಿನವೇ. ತಾನು ಸಾಲು ಹಾಕಿದ್ದಾಗಿ ಅವನು ನ್ಯಾಯಾಲಯದಲ್ಲಿ ಹೇಳಿದ್ದಾನೆ. ತೋರಿಸಲು ಪ್ರತಿಯಿಲ್ಲ, ಅವನ ಕಚೇರಿ ಅಕ್ಟೋಬರಿನಲ್ಲೇ ಸುಟ್ಟು ಹೋಗಿದೆ. ಉಳಿದ ಪ್ರತಿ ಪುಣೆಯಲ್ಲಿರುವುದೊಂದೇ. ಜನವರಿಯಲ್ಲಿ ನಮ್ಮ ಕಂಪನಿ ಏನು ಹೇಳಿತು ಗೊತ್ತೇ? ತನಗೆ ಬಂದ ಹಾಳೆಯಲ್ಲಿ ಅಂಥ ಸಾಲು ಇರಲಿಲ್ಲ ಎಂದಿತು.

ನಾನು ಮರುದಿನ ಬೆಳಿಗ್ಗೆ ಮೊದಲು ಹೋಗಿ ಕಡತ ತೆರೆದೆ. ಹಾಳೆಯ ತಲೆ ಇರಲಿಲ್ಲ. ಮೊಹರಿನ ಕೆಳಗಿನಿಂದ ಶುರುವಾಗುವಂತೆ ಕತ್ತರಿಸಿ ಮತ್ತೆ ಏರಿಸಿದ್ದರು.

ಕ್ಯಾಬಿನ್ನಿಗೆ ಕರೆದರು. ಮಧುಕರ್ ಸರ್ ಇದ್ದರು, ಜೊತೆಗೆ ದೊಡ್ಡ ಕಂಪನಿಯ ಪರವಾಗಿ ಬಂದ ಸುಖೇಶ್ ಎಂಬ ಸಾಹೇಬರು.

"ಬಾರವಾ ಶೀತಲ್, ಕೂಡು. ಚಹಾ ತೊಗೊ" ಎಂದರು ಮಧುಕರ್ ಸರ್.

"ಬ್ಯಾಡ್ರಿ ಸರ್. ಮೂರು ವರ್ಷದಾಗ ಚಹಾ ಕೊಟ್ಟಿಲ್ಲ, ಇವತ್ತ್ಯಾಕ್ರಿ?"

ಸುಖೇಶ್ ಸಾಹೇಬರು ನಗಲಿಲ್ಲ. ಹಾಳೆ ತಿರುಗಿಸಿ ನನ್ನ ಮುಂದಿಟ್ಟು, ಇದರಲ್ಲಿ ಸಾಲು ಕಂಡಿತ್ತೇ ಎಂದು ಮರಾಠಿಯಲ್ಲಿ ಕೇಳಿದರು. "ಓಳ್ ದಿಸಲೀ ಹೋತೀ ಕಾ?"

"ದಿಸಲೀ ಹೋತೀ" ಅಂದೆ. ಕಂಡಿತ್ತು.

"ನೀನು ಎಷ್ಟನೇತ್ತಾ ಓದಿದೀ?" ಎಂದು ಮಧುಕರ್ ಸರ್ ಮೆಲ್ಲಗೆ ಕೇಳಿದರು. ಗೊತ್ತಿದ್ದೇ ಕೇಳಿದರು.

"ಒಂಬತ್ತನೇತ್ತಾ ಅರ್ಧ, ಸರ್."

"ಮತ್ತ ಆ ದೇಶದ ಭಾಷಾ ನಿನಗ ಓದಾಕ ಬರ್ತದೇನು?"

"ಓದಾಕ ಬರೂದಿಲ್ರಿ. ನೋಡಾಕ ಬರ್ತದ. ಸಾಲಿತ್ತು, ಕೆಳಗ ಗೆರಿ ಇತ್ತು."

"ನೋಡವಾ, ನಾವೇನ್ ಬಾಂಬ್ ಒಗದೇವೇನು? ಬಂದದ್ದು ಏರಿಸೇವಿ, ಅಷ್ಟ."

"ಬಂದದ್ದು ಏರಿಸಲಿಲ್ರಿ ಸರ್. ಅದ ತಕರಾರು."

ಸುಖೇಶ್ ಸಾಹೇಬರು ಒಂದು ಕಾಗದ ಮುಂದೆ ತಳ್ಳಿದರು. "ನಾನು ನೋಡಿದ ಹಾಳೆಯಲ್ಲಿ ಸಾಲು ಇರಲಿಲ್ಲ" ಎಂದು ಟೈಪಾಗಿತ್ತು. ಸಹಿಗೆ ಪೆನ್ಸಿಲ್ ಗುರುತು. ನಾನು ಪೆನ್ನು ಮುಟ್ಟಲಿಲ್ಲ. ಆಗ ಮಧುಕರ್ ಸರ್ ಇನ್ನೊಂದು ಕಾಗದ ತೆಗೆದು ತೋರಿಸಿದರು. "ಮಂಜರಿ ಸಹಿ ಮಾಡ್ಯಾಳ. ಭೋರಿಗೆ ಹೋಗಿ ಮಾಡಿಸ್ಕೊಂಡ್ ಬಂದೇವಿ. ಆಕಿ ಡಿಗ್ರಿ ಹೋಲ್ಡರ್. ಆಕಿಗೆ ಕಾಣದ್ದು ನಿನಗ ಕಂಡ್ತೇನು?"

ನಿನ್ನದೇ ಸಹಿ. ಮ ಅಕ್ಷರದ ಬಾಲ ಹಾಗೆ ಎಳೆಯುವವಳು ನೀನೊಬ್ಬಳೇ.

ನಾನು ಎದ್ದು ಬಂದೆ. ಸಂಜೆಯೊಳಗೆ ಕೆಲಸ ಹೋಗಿತ್ತು.

ಮಂಜಕ್ಕ, ಇಲ್ಲಿಂದ ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಸಹಿಸಿಕೊ. ಆ ಕಂಪನಿಯವರ ಬಗ್ಗೆ ನನಗೆ ಆಶ್ಚರ್ಯವಿಲ್ಲ. ಯುದ್ಧ ಬಂದರೂ ಅವರಿಗೆ ಇಪ್ಪತ್ತೆಂಟು ದಿನದ ಗಡುವು, ಶಾಂತಿ ಬಂದರೂ ಅದೇ ಗಡುವು. ಎರಡೂ ಸೈನ್ಯಗಳು ಅವರ ನಕ್ಷೆಯನ್ನೇ ಕೊಳ್ಳುತ್ತವೆ. ತಪ್ಪು ತಮ್ಮದೆಂದರೆ ಎರಡೂ ಕಡೆಯವರು ಬಿಟ್ಟು ಹೋಗುತ್ತಾರೆ. ಮುದುಕನದೆಂದರೆ ಯಾರೂ ಹೋಗುವುದಿಲ್ಲ. ಒಂದು ಹಾಳೆಯ ತಲೆ ಕತ್ತರಿಸಲು ಅವರಿಗೆ ಅರ್ಧ ನಿಮಿಷ ಸಾಕಾಯಿತು. ಆದರೆ ನೀನು? ತನ್ನ ತಪ್ಪಿಗೆ ತಾನೇ "ಹರಿದು ಹಾಕಿ" ಎಂದು ಬರೆಯುತ್ತಿದ್ದವನ ಕಾಗದ ಬಂದಿತೆಂದು ಹಲಗೆ ಬಡಿಯುತ್ತಿದ್ದವಳು ನೀನು. ಅವನು ತಪ್ಪೇ ಮಾಡದಿದ್ದಾಗ ಅವನ ವಿರುದ್ಧ ಸಹಿ ಹೇಗೆ ಹಾಕಿದೆ?

ನಾನು ಸುಮ್ಮನೆ ಕೂತಿಲ್ಲ. ಎರಡೂ ದೇಶ ಒಪ್ಪಿಕೊಂಡ ಮೂರನೇ ದೇಶದ ತನಿಖಾ ಮಂಡಳಿಯೊಂದಿದೆ. ನಮ್ಮ ದೇಶದಲ್ಲಿರುವ ಅದರ ಕಚೇರಿಯ ವಿಳಾಸ ಹುಡುಕಿ, ನಡೆದದ್ದನ್ನು ಕನ್ನಡದಲ್ಲಿ ಬರೆದು, ತಮ್ಮ ಸಂಜುವಿನಿಂದ ಇಂಗ್ಲಿಷ್ ಮಾಡಿಸಿ ಕಳಿಸಿದೆ. ಅವನು ಟೈಪು ಮಾಡುತ್ತ ಮಾಡುತ್ತ, "ಅಕ್ಕಾ, ಜೇಲಿಗೆ ಹೋಗಾಕ ಅರ್ಜಿ ಹಾಕಿಸ್ಲಿಕ್ಕತ್ತೀದಿ ನೀ" ಎಂದ. ಅಪ್ಪ ಎರಡು ದಿನ ಮಾತು ಬಿಟ್ಟ. ಮೂರನೇ ದಿನ, "ಸಾಲೀ ಬಿಡಿಸ್ತು, ನೌಕರಿ ಬಿಡಿಸ್ತು, ನಿನ್ನ ಖರೇ ಇನ್ನ ಏನೇನ್ ಬಿಡಿಸ್ತದ ಹೇಳಿಬಿಡು, ಒಮ್ಮೆಲೇ ಅತ್ತು ಮುಗಸ್ತೀನಿ" ಎಂದ. ಆಮೇಲೆ ತಾನೇ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದ.

ಹೋದ ವಾರ ಉತ್ತರ ಬಂತು, ಮರ್ಯಾದೆಯ ಉತ್ತರವೇ. ನನ್ನ ಮಾತನ್ನು ಕಂಪನಿ ಅಲ್ಲಗಳೆದಿದೆಯಂತೆ. ಕೆಲಸ ಕಳೆದುಕೊಂಡ ಸಿಟ್ಟಿಗೆ ಹೇಳುತ್ತಿದ್ದಾಳೆ ಎಂದಿದೆಯಂತೆ. ಆ ಪ್ರಕಟಣೆಯನ್ನು ಏರಿಸಿದ ಇನ್ನೊಬ್ಬರು, ನನ್ನ ಹೇಳಿಕೆ ನೋಡದೆ, ತಾವು ಕಂಡದ್ದನ್ನು ಬೇರೆಯಾಗಿ ಬರೆದು ಕಳಿಸಿದರೆ ಮಾತ್ರ ನ್ಯಾಯಾಲಯದ ಮುಂದಿಡಬಹುದಂತೆ. ಫೆಬ್ರುವರಿ ಇಪ್ಪತ್ತು ಕೊನೆಯ ದಿನ. ಇಪ್ಪತ್ನಾಲ್ಕಕ್ಕೆ ಕಾಕಾನ ತೀರ್ಪು. ಅಲ್ಲಿ ದೇಶದ್ರೋಹಕ್ಕೆ ಏನು ಶಿಕ್ಷೆ ಎಂದು ನಾನು ಬರೆಯುವುದಿಲ್ಲ, ನೀನು ಊಹಿಸಬಲ್ಲೆ.

ನನ್ನ ಹೇಳಿಕೆಯ ಪ್ರತಿಯನ್ನು ಇದರೊಡನೆ ಇಟ್ಟಿಲ್ಲ. ಈ ಕಾಗದ ಓದಿದ್ದನ್ನೂ ಅವರಿಗೆ ಹೇಳು, ಮುಚ್ಚಬೇಡ. ನಿನಗೆ ನೆನಪಿರುವುದನ್ನು ನೆನಪಿರುವ ಹಾಗೆ ಬರೆ. ನನ್ನದಕ್ಕೆ ಹೊಂದದಿದ್ದರೂ ಚಿಂತೆಯಿಲ್ಲ. ಮಂಡಳಿಯ ವಿಳಾಸ ಬರೆದ ಲಕೋಟೆ ಒಳಗಿದೆ, ಅಂಚೆಚೀಟಿ ಅಂಟಿಸಿದ್ದೇನೆ.

ಅಮರ ಭಾವ, ನಿಮ್ಮ ಅಂಗಡಿಗೆ, ಮನೆತನಕ್ಕೆ ಇದರಿಂದ ಹೆಸರು ಕೆಡುತ್ತದೆ ಎಂದು ಹೆದರಿದ್ದರೆ ಒಂದು ಮಾತು. ಬಟ್ಟೆ ಅಳೆಯುವಾಗ ನೀವು ಮೀಟರ್ ಎಂದು ಹೇಳಿ ಗಜ ಹಿಡಿಯುತ್ತೀರಾ? ಗಿರಾಕಿ ಕೇಳಿದರೆ ಯಾವುದೆಂದು ಹೇಳುತ್ತೀರಲ್ಲ? ಅಷ್ಟನ್ನೇ ಮಂಜಕ್ಕನಿಗೂ ಹೇಳಲು ಬಿಡಿ.

ಆಯಿ ತನ್ನ ಹೆಸರು ಹೇಳಿಯೇ ನಿನ್ನನ್ನು ಹರಸಿದ್ದಾಳೆ. "ಕಾಶವ್ವ ಹೇಳ್ಯಾಳಂತ ಬರಿ, ಆಕೀ ಉಡಿ ತುಂಬಲಿ, ಆಕೀ ಬಾಯಾಗ ಹುಳಾ ಬೀಳದಿರಲಿ" ಎಂದಳು. ಎರಡನೆಯದು ಹರಕೆಯೋ ಎಚ್ಚರಿಕೆಯೋ ಎಂದು ಕೇಳಿದೆ. "ಎರಡೂ" ಅಂದಳು. ಅಪ್ಪ ಶಿವಪುತ್ರಪ್ಪನ ನಮಸ್ಕಾರ ನಿನ್ನ ಮಾವನವರಿಗೆ. ಸಂಜುವಿನ ನಮಸ್ಕಾರ ಎಲ್ಲರಿಗೂ. ನನ್ನ ಸಿಟ್ಟು ದೊಡ್ಡದು, ನಿನ್ನ ಮೇಲಿನ ಪ್ರೀತಿ ಅದಕ್ಕಿಂತ ಹಳೆಯದು. ನೀನು ಸುಖವಾಗಿರು.

ನಿನ್ನ
ಶೀತಲ್

ಮೇಲೆ ಬರೆದದ್ದನ್ನು ಮಡಿಚಿ ಅಂಟು ಹಚ್ಚುವ ಮೊದಲು ಮತ್ತೆ ಬಿಚ್ಚಿದ್ದೇನೆ. ಇದರಲ್ಲಿ ಒಂದು ಸುಳ್ಳಿದೆ. ಹೊಡೆದು ಹಾಕುವುದಿಲ್ಲ, ಇರಲಿ, ನೀನು ನೋಡು. "ಸೇರಿ ತೀರ್ಮಾನಿಸಿದೆವು" ಎಂದು ಬರೆದಿದ್ದೇನೆ. ಮಂಡಳಿಗೆ ಕಳಿಸಿದ ಹೇಳಿಕೆಯಲ್ಲೂ ಹಾಗೇ ಬರೆದಿದ್ದೆ. ನಾವು ಸೇರಿ ತೀರ್ಮಾನಿಸಲಿಲ್ಲ. ರೊಟ್ಟಿ ಮುರಿಯುತ್ತ ನೀನು, "ಆ ಸಾಲಿಗೆ ಕಾಕಾ ಗೆರಿ ಎಳದಾನ. ಗುಲಾಬಿ ಚೀಟಿ ಹಾಕಿ ಕೇಳೋಣು ಶೀತಲ್" ಎಂದೆ. ನಾನು ನಕ್ಕೆ. "ಮದವಿ ಆಗಿ ಹೊಂಟಾಕಿ ನೀ. ಚೀಟಿ ನನ್ನ ಹೆಸರಿನ ಮುಂದ ಬೀಳ್ತದ. ಅಡಿ ಅಂತ ಒತ್ತು ಸುಮ್ನ" ಅಂದವಳು ನಾನು. ನೀನು ಇನ್ನೊಮ್ಮೆ ಕೇಳೋಣ ಅಂದಾಗ ಮುಖ ತಿರುಗಿಸಿದವಳೂ ನಾನೇ.

ನೀನು ಕೆಲಸ ಬಿಟ್ಟವಳು. ಖರೇ ಹೇಳಿದರೆ ನಿನ್ನಿಂದ ಕಸಿದುಕೊಳ್ಳಲು ಅವರ ಹತ್ತಿರ ಏನೂ ಇಲ್ಲ. ಹಾಗಿದ್ದರೆ ಯಾರಿಗಾಗಿ ಸಹಿ ಹಾಕಿದೆ ಎಂದು ಮೂರು ವಾರ ನನ್ನನ್ನೇ ಕೇಳಿಕೊಂಡೆ. ಸಾಲು ಇತ್ತು ಎಂದರೆ ಅದನ್ನು ಬಿಡಿಸಿದವರು ಯಾರು ಎಂದು ಕೇಳುತ್ತಾರೆ, ನೀನು ನನ್ನ ಹೆಸರು ಹೇಳಬೇಕಾಗುತ್ತದೆ. ಈ ಉತ್ತರ, ಕ್ಯಾಬಿನ್ನಿನಲ್ಲಿ ನಿನ್ನ ಸಹಿ ಕಂಡ ಗಳಿಗೆಯಲ್ಲೇ ನನಗೆ ಗೊತ್ತಿತ್ತು. ಅದಕ್ಕೇ ಕಾಗದ ತಡವಾಯಿತು. ಅಷ್ಟು ದಿನ ನಿನ್ನನ್ನು ಬೈದುಕೊಂಡಿರುವುದು ಸುಲಭವಾಗಿತ್ತು. ಸತ್ತ ಇಬ್ಬರ ಹೆಸರೂ ನನಗೆ ಬಾಯಿಪಾಠವಾಗಿದೆ.

ತಿದ್ದಿದ ಹೇಳಿಕೆಯನ್ನು ಇವತ್ತೇ ಬರೆದು ಮುಗಿಸಿದ್ದೇನೆ. ಈ ಸಲ ಅದರಲ್ಲಿ ತೀರ್ಮಾನಿಸಿದವಳೆಂದು ನನ್ನೊಬ್ಬಳ ಹೆಸರೇ ಇದೆ. ನಾಳೆ ಅಂಚೆ ಕಚೇರಿ ತೆರೆದ ಕೂಡಲೇ ಈ ಕಾಗದದ ಜೊತೆಗೆ ಅದೂ ಹೋಗುತ್ತದೆ. ನೀನು ನನ್ನನ್ನು ಉಳಿಸಲು ಇನ್ನೇನೂ ಬಾಕಿಯಿಲ್ಲ ಅಕ್ಕಾ. ನೀನು ಕೇಳೋಣ ಅಂದಿದ್ದೆ. ಅದನ್ನು ಬರೆ.